ಕಡಲಿಗೊಂದು ನಾವೆ

ಎತ್ತನ್ನು ಕೊಳ್ಳುವವನು ಸುಳಿಯನ್ನು ನೋಡುತ್ತಾನೆ. ಕುದುರೆಯನ್ನು ಕೊಳ್ಳುವವನು ಹಲ್ಲನ್ನು ನೋಡುತ್ತಾನೆ. ಹಾಯಿಯನ್ನೇ ನಂಬಿ ಮಹಾಸಾಗರಗಳನ್ನು ದಾಟಹೊರಟವನು ತನ್ನ ನಾವೆಯಲ್ಲಿ ಏನನ್ನು ನೋಡಬೇಕು? ಎತ್ತು ಮೈಗಳ್ಳನಾದರೆ ಒಂದು ವರ್ಷದ ಬೇಸಾಯ ಕೆಟ್ಟೀತು. ಮುಂದಿನ ಸಂತೆಯಲ್ಲಿ ಅದನ್ನು ಮಾರಿ ಬೇರೊಂದನ್ನು ತಂದುಕೊಳ್ಳಬಹುದು. ನಡುಗಡಲಿನಲ್ಲಿ ಸಂತೆ ನೆರೆಯುವುದಿಲ್ಲ. ಅಲ್ಲಿ ಕೊಂಡದ್ದೇ ಮನೆ, ಕೊಂಡದ್ದೇ ನೆಲ, ಕೊಂಡದ್ದೇ ಪ್ರಾಣ. ಆದಕಾರಣ ಈ ಆಯ್ಕೆಯಲ್ಲಿ ಮನುಷ್ಯನ ವಿವೇಕಕ್ಕೆ ಒದಗುವ ಪರೀಕ್ಷೆ ಬಲು ಕಠಿನವಾದುದು.

ಮೊದಲು ಏಳುವ ಪ್ರಶ್ನೆ ಅಳತೆಯದು. ದೊಡ್ಡದಾದಷ್ಟೂ ಒಳ್ಳೆಯದೆಂದು ಹೊಸಬನಿಗೆ ತೋರುವುದು ಸಹಜ. ಆದರೆ ಲೆಕ್ಕವು ಬೇರೆಯೇ ಮಾತನ್ನು ಹೇಳುತ್ತದೆ. ನೀರನ್ನು ಸೀಳಿಕೊಂಡು ಹೋಗುವ ಒಂಟಿ ಒಡಲಿನ ನಾವೆಯ ವೇಗವು, ನೀರಿನ ಮಟ್ಟದಲ್ಲಿ ಅದಕ್ಕಿರುವ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಆ ಉದ್ದ 25 ಅಡಿಯಾದರೆ ಗಂಟೆಗೆ ಸುಮಾರು 6.7 ನಾವಿಕ ಮೈಲಿ; 36 ಅಡಿಯಾದರೆ ಸುಮಾರು 8. ಹನ್ನೊಂದು ಅಡಿ ಬೆಳೆಸಿದ್ದಕ್ಕೆ ದೊರೆತ ಲಾಭ ಸುಮಾರು 1.3 ಮೈಲಿಯಷ್ಟೆ. ಆಕಾರ ಒಂದೇ ಆಗಿದ್ದರೆ ಭಾರವಾದರೋ ಮೂರರಷ್ಟಾಗುತ್ತದೆ. ಭಾರದೊಡನೆ ಹಾಯಿ ಬೆಳೆಯುತ್ತದೆ, ಹಗ್ಗ ಬೆಳೆಯುತ್ತದೆ, ಲಂಗರು ಬೆಳೆಯುತ್ತದೆ, ಖರ್ಚೂ ಬೆಳೆಯುತ್ತದೆ. ಬೆಳೆಯದಿರುವುದು ನಾವಿಕನ ತೋಳಿನ ಶಕ್ತಿಯೊಂದೇ. ಇರುಳಿನ ಬಿರುಗಾಳಿಯಲ್ಲಿ ಒಬ್ಬನೇ ಇಳಿಸಲಾರದಷ್ಟು ದೊಡ್ಡ ಹಾಯಿ ಸಂಪತ್ತಲ್ಲ, ಶತ್ರು.

ಹಾಗೆಂದು ತೀರ ಚಿಕ್ಕದೂ ಸಲ್ಲದು. ಇಬ್ಬರು ನಲವತ್ತು ದಿನ ನೆಲ ಕಾಣದೆ ಇರಬೇಕಾದರೆ, ದಿನಕ್ಕೆ ತಲಾ 3 ಲೀಟರಿನಂತೆ ಕುಡಿಯುವ ನೀರೇ 240 ಲೀಟರು ಬೇಕು. ಅದರ ಮೇಲೆ ಅಕ್ಕಿ, ಬೇಳೆ, ಹಗ್ಗ, ಹಾಯಿ, ಉಪಕರಣಗಳು. ಪುಟ್ಟ ದೋಣಿಯು ಈ ಹೊರೆಗೇ ಕುಸಿದು ತನ್ನ ನಡೆಯನ್ನು ಮರೆಯುತ್ತದೆ. ಮೂವತ್ತೆರಡರಿಂದ ನಲವತ್ತು ಅಡಿಯ ನಡುವಣ ನಾವೆಗಳು ದೂರಯಾನಿಗಳ ಮನ್ನಣೆಯನ್ನು ಪಡೆದಿರುವುದು ಇದರಿಂದಲೇ.

ಎರಡನೆಯ ಪ್ರಶ್ನೆ ಮಗುಚುವಿಕೆಯದು. ನಾವಿಕರು ಕೀಲ್ ಎಂದು ಕರೆಯುವ ಅಡಿಯ ದಿಂಡಿನಲ್ಲಿ ಕಬ್ಬಿಣವನ್ನೋ ಸೀಸವನ್ನೋ ತುಂಬಿದ ಒಂಟಿ ಒಡಲಿನ ನಾವೆಯು ಅಲೆಯ ಹೊಡೆತಕ್ಕೆ ಬುಡಮೇಲಾದರೂ ಆ ಭಾರದ ಬಲದಿಂದ ತಾನಾಗಿ ಮತ್ತೆ ಎದ್ದು ನಿಲ್ಲಬಲ್ಲುದು. ಮೂರು ಒಡಲುಗಳನ್ನು ಜೋಡಿಸಿದ ನಾವೆ ಹಗುರ. ಅದರ ವೇಗವು ಹೆಚ್ಚು. ಆದರೆ ಒಮ್ಮೆ ಬೋರಲಾದರೆ ಬೋರಲಾಗಿಯೇ ಉಳಿಯುವುದು ಅದರ ಸ್ವಭಾವ. ಕೀಲ್ ಉದ್ದವಾಗಿದ್ದರೆ ನಾವೆಯು ಹಿಡಿದ ದಾರಿಯನ್ನು ಬಿಡದು, ಚುಕ್ಕಾಣಿಗೂ ಮರೆಯುಂಟು. ಗಿಡ್ಡವಾಗಿದ್ದರೆ ಚುರುಕಾಗಿ ತಿರುಗುತ್ತದೆ, ಗಾಳಿಗೆ ಎದುರಾಗಿ ಚೆನ್ನಾಗಿ ಏರುತ್ತದೆ. ಒಂದನ್ನು ಪಡೆದವನು ಇನ್ನೊಂದನ್ನು ಬಿಡಲೇಬೇಕು.

ಈ ಎಲ್ಲ ತರ್ಕವೂ ಒಮ್ಮೆಗೇ ಪರೀಕ್ಷೆಗೆ ಬಂದದ್ದು 1968ರಲ್ಲಿ. ಲಂಡನ್ನಿನ ಸಂಡೆ ಟೈಮ್ಸ್ ಪತ್ರಿಕೆಯು, ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಭೂಪ್ರದಕ್ಷಿಣೆ ಮಾಡುವ ಪಂದ್ಯವೊಂದನ್ನು ಏರ್ಪಡಿಸಿತು. ಒಂಬತ್ತು ಮಂದಿ ಹೊರಟರು. ಪಂದ್ಯವನ್ನು ಮುಗಿಸಿದವರು ಒಬ್ಬರೇ. ಅವರು ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ ನಾವೆ ‘ಸುಹೈಲಿ’ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದುದು. ಉದ್ದ 32 ಅಡಿ. ಇನ್ನೂ ದೊಡ್ಡದಾದ ಉಕ್ಕಿನ ನಾವೆಯೊಂದನ್ನು ಕಟ್ಟಿಸಬೇಕೆಂಬ ಆಸೆ ಅವರಿಗೆ ಇದ್ದಿತು, ಹಣವು ಒದಗಲಿಲ್ಲ. ಇದ್ದುದರಲ್ಲಿಯೇ ಹೊರಟರು. ಪ್ರತಿಸ್ಪರ್ಧಿಗಳ ನಾವೆಗಳ ಪಕ್ಕದಲ್ಲಿ ಅದು ಹಳೆಯ ಕಾಲದ ಗಾಡಿಯಂತೆ ನಿಧಾನವಾದುದು. ಅಟ್ಲಾಂಟಿಕ್ಕಿನಲ್ಲಿಯೇ ಹಲಗೆಗಳ ಸಂದಿಯಿಂದ ನೀರು ಜಿನುಗತೊಡಗಿತು. ಅವರು ಕಡಲಿಗೆ ಧುಮುಕಿ, ನೀರಿನ ಅಡಿಯಲ್ಲಿಯೇ ಸಂದಿಗಳನ್ನು ಮುಚ್ಚಿದರು. ಮುಂದೆ ಕುಡಿಯುವ ನೀರು ಕೆಟ್ಟಿತು, ರೇಡಿಯೋ ಮೂಕವಾಯಿತು, ತಾನಾಗಿ ಚುಕ್ಕಾಣಿ ಹಿಡಿಯುವ ಯಂತ್ರವೂ ಮುರಿಯಿತು. ಹಾಯಿಗಳನ್ನು ಹದವಾಗಿ ಕಟ್ಟಿಬಿಟ್ಟರೆ ಸುಹೈಲಿಯು ಯಂತ್ರವಿಲ್ಲದೆಯೂ ದಾರಿ ಹಿಡಿದು ಸಾಗುತ್ತಿತ್ತು. 1968ರ ಜೂನ್ 14ರಂದು ಫಾಲ್ಮತ್ ಬಂದರನ್ನು ಬಿಟ್ಟ ಅದು 312 ದಿನಗಳ ಮೇಲೆ, 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿತು.

ಅದೇ ಪಂದ್ಯದಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಮೂರು ಒಡಲಿನ ವೇಗದ ನಾವೆಯನ್ನು ಆರಿಸಿಕೊಂಡರು. ಅದನ್ನು ಅವಸರದಲ್ಲಿ ಕಟ್ಟಲಾಯಿತು. ಹೊರಡಲು ಗೊತ್ತಾಗಿದ್ದ ಕಡೆಯ ದಿನವಾದ ಅಕ್ಟೋಬರ್ 31ರಂದು, ಕೆಲಸ ಮುಗಿಯುವ ಮೊದಲೇ, ಅದು ಬಂದರನ್ನು ಬಿಟ್ಟಿತು. ಕೆಲವೇ ವಾರಗಳಲ್ಲಿ ಅದು ದಕ್ಷಿಣದ ಕಡಲನ್ನು ತಾಳಲಾರದೆಂಬುದು ಅವರಿಗೆ ತಿಳಿಯಿತು. ಹಿಂದಿರುಗಿದರೆ ದಿವಾಳಿ, ಮುಂದುವರಿದರೆ ಮರಣ. ಅವರು ಅಟ್ಲಾಂಟಿಕ್ಕಿನಲ್ಲಿಯೇ ಸುಳಿದಾಡುತ್ತ, ಪ್ರಪಂಚವನ್ನು ಸುತ್ತುತ್ತಿರುವುದಾಗಿ ಸುಳ್ಳು ಸುದ್ದಿಯನ್ನು ಕಳುಹಿಸಿದರು. ಆ ಸುದ್ದಿಯನ್ನು ನಂಬಿದ ನೈಜಲ್ ಟೆಟ್ಲಿ, ಕ್ರೌಹರ್ಸ್ಟ್ ಬೆನ್ನಟ್ಟಿ ಬರುತ್ತಿರುವರೆಂದು ತಮ್ಮ ದಣಿದ ನಾವೆಯನ್ನು ಬಿರುಸಾಗಿ ಓಡಿಸಿದರು. ಅದು ಗುರಿ ಸಮೀಪಿಸಿದಾಗ ಒಡೆದು ಮುಳುಗಿತು. ಟೆಟ್ಲಿಯವರ ಪ್ರಾಣ ಉಳಿಯಿತು. 1969ರ ಜುಲೈ 10ರಂದು ಕ್ರೌಹರ್ಸ್ಟರ ನಾವೆ ಬರಿದಾಗಿ ತೇಲುತ್ತಿದ್ದುದು ಕಂಡುಬಂದಿತು. ಅದರ ಒಡೆಯ ಇರಲಿಲ್ಲ. ನಾಕ್ಸ್-ಜಾನ್‌ಸ್ಟನ್ ತಮಗೆ ಬಂದ 5,000 ಪೌಂಡುಗಳ ಬಹುಮಾನವನ್ನು ಆ ಕುಟುಂಬಕ್ಕೆ ಕೊಟ್ಟುಬಿಟ್ಟರು.

ಗೆದ್ದದ್ದು ತೇಗವೇ, ಸೋತದ್ದು ಮೂರು ಒಡಲೇ? ಹಾಗೆ ತೀರ್ಮಾನಿಸುವುದು ಸುಲಭ, ಆದರೆ ಸರಿಯಲ್ಲ. ಸುಹೈಲಿಯ ಮಾದರಿಯಲ್ಲಿಯೇ ಗೋವೆಯಲ್ಲಿ ಕಟ್ಟಿದ ‘ತುರೀಯ’ವನ್ನು ಏರಿ 2018ರಲ್ಲಿ ಅಭಿಲಾಷ್ ಟೋಮಿ ಅಂಥದೇ ಪಂದ್ಯಕ್ಕೆ ಹೊರಟರು. ಹಿಂದೂ ಮಹಾಸಾಗರದ ಬಿರುಗಾಳಿ ಆ ನಾವೆಯನ್ನು ಉರುಳಿಸಿ ಕೂವೆಮರಗಳನ್ನು ಮುರಿಯಿತು. ಬೆನ್ನಿಗೆ ಬಲವಾದ ಪೆಟ್ಟು ಬಿದ್ದ ಅವರನ್ನು ಫ್ರಾನ್ಸಿನ ಹಡಗೊಂದು ಕಾಪಾಡಿತು. ಅವರೇ ಮತ್ತೆ 2022ರಲ್ಲಿ, ಗಾಜಿನ ನಾರಿನಿಂದ ಮಾಡಿದ 36 ಅಡಿಯ ನಾವೆಯಲ್ಲಿ ಹೊರಟು, 2023ರಲ್ಲಿ ಎರಡನೆಯವರಾಗಿ ಪಂದ್ಯವನ್ನು ಮುಗಿಸಿದರು. ಯಾವ ವಸ್ತುವೂ ಯಾವ ಆಕಾರವೂ ಕಡಲಿನಿಂದ ಅಭಯಪತ್ರವನ್ನು ಪಡೆದಿಲ್ಲ. ಮರ ಕೊಳೆಯುತ್ತದೆ, ಆದರೆ ಎಲ್ಲ ಬಂದರಿನಲ್ಲಿಯೂ ಬಡಗಿಯುಂಟು; ಉಕ್ಕು ತುಕ್ಕು ಹಿಡಿಯುತ್ತದೆ, ಆದರೆ ಬಂಡೆಗೆ ತಾಗಿದರೆ ಬೇಗ ಬಿರಿಯದೆ ತಗ್ಗುತ್ತದೆ; ಗಾಜಿನ ನಾರು ಕೊಳೆಯುವುದೂ ಇಲ್ಲ, ತುಕ್ಕು ಹಿಡಿಯುವುದೂ ಇಲ್ಲ, ಆದರೆ ಅದರೊಳಗಿನ ದೋಷ ಕಣ್ಣಿಗೆ ಬೀಳುವುದು ಕಷ್ಟ.

ಹಾಗಾದರೆ ನೋಡಬೇಕಾದುದೇನು? ನಾಕ್ಸ್-ಜಾನ್‌ಸ್ಟನ್ ತಾವೇ ಮುಂದೆ ನಿಂತು ಕಟ್ಟಿಸಿದ ನಾವೆಯಲ್ಲಿ ಪಂದ್ಯಕ್ಕೆ ಮೊದಲೇ ಮುಂಬಯಿಯಿಂದ ಇಂಗ್ಲೆಂಡಿಗೆ ಹೋಗಿದ್ದರು. ಯಾವ ಗಾಳಿಗೆ ಅದು ಹೇಗೆ ನರಳುವುದೆಂಬುದು ಅವರಿಗೆ ಗೊತ್ತಿತ್ತು. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟುವ ಮಹದಾಯಿ ನದಿಯ ಹೆಸರನ್ನು ಹೊತ್ತ ‘ಮ್ಹಾದೇಯಿ’ ಎಂಬ 56 ಅಡಿಯ ನಾವೆ ಗೋವೆಯಲ್ಲಿ ಸಿದ್ಧವಾದಾಗ, ದಿಲೀಪ್ ದೋಂದೆಯವರೂ ಅದರ ನಿರ್ಮಾಣದಲ್ಲಿ ಜೊತೆಗಿದ್ದರು; 2009–10ರಲ್ಲಿ ಅದರಲ್ಲಿಯೇ ಒಬ್ಬಂಟಿಯಾಗಿ ಪ್ರಪಂಚವನ್ನು ಸುತ್ತಿ ಬಂದರು. ಅಳತೆ ದೊಡ್ಡದಾದರೂ ಅದು ಪರಿಚಯವಿಲ್ಲದ ನಾವೆಯಾಗಿರಲಿಲ್ಲ.

ಕಡಲಿಗೆ ಹೊರಡುವವನು ಅಂಗಡಿಯ ಹೊಗಳಿಕೆಯನ್ನು ಕೇಳಿ ನಾವೆಯನ್ನು ಆರಿಸಬಾರದು. ನೆರೆಯವನ ನಾವೆಯನ್ನು ನೋಡಿಯೂ ಆರಿಸಬಾರದು. ತನ್ನ ಕೈ ಎಷ್ಟು ಹಾಯಿಯನ್ನು ಇಳಿಸಬಲ್ಲುದು, ತನ್ನ ಹಣದಲ್ಲಿ ಎಷ್ಟು ದುರಸ್ತಿ ನಡೆದೀತು, ತಾನು ಎಷ್ಟು ನಿಧಾನವನ್ನು ಸೈರಿಸಬಲ್ಲೆನು ಎಂಬುದನ್ನು ಮೊದಲು ಅಳೆದುಕೊಳ್ಳಬೇಕು. ಆ ಅಳತೆಯಲ್ಲಿ ಒಂದು ಅಂಗುಲದ ಸುಳ್ಳಿದ್ದರೂ ಕಡಲು ಅದನ್ನು ಹುಡುಕಿ ತೆಗೆಯದೆ ಬಿಡುವುದಿಲ್ಲ.