ಹೊಸತೊಡಕಿನ ರಾತ್ರಿ, ತೋಪಿನ ಯುದ್ಧ

(1/4)
ಮೊದಲ ಫೋಟೋದಲ್ಲಿ ಕಾಣ್ತಿರೋದು ದುದ್ದದ ನಮ್ಮನೆ ಪಡಸಾಲೆ. ಕೆಳಗೆ ಹಾಸಿರೋದು ಆಲೂಗಡ್ಡೆ ತುಂಬೋ ಗೋಣಿಚೀಲ. ಅದರ ಮೇಲಿನ ನೀಲಿ ಪಟ್ಟಿ ಅವ್ವನ ಹಳೇ ಸೀರೆ ಅಂಚು, ಅದೇ ಕಾಲುವೆ. ತೆಂಗಿನಗರಿ ಕಡ್ಡಿಗೆ ಹಸಿರು ಉಲ್ಲನ್ ಸುತ್ತಿ ನಿಲ್ಲಿಸಿರೋದು ತೋಪು. ಸೈನಿಕರೆಲ್ಲ ಕಾಗದದೋರು. ಹಾಸನದಲ್ಲಿ ಕಲರ್ ಪ್ರಿಂಟ್ ತೆಗೆಸಿ, ಹಳೇ ಮದುವೆ ಕಾರ್ಡುಗಳಿಗೆ ಅಂಟಿಸಿ ಕತ್ತರಿಸಿದ್ದು. ಕೆಂಪು ಕೋಟಿನೋರು ಇಂಗ್ಲಿಷರು, ಹುಲಿಪಟ್ಟೆ ಅಂಗಿಯೋರು ಟಿಪ್ಪು ಕಡೆಯೋರು.

ನನ್ನ ಈ ಹುಚ್ಚು ನಿಮಗೆ ಗೊತ್ತೇ ಇದೆ. ನೆಪೋಲಿಯನ್ ಕಾಲದ ಯುದ್ಧಗಳನ್ನ ಪುಟ್ಟ ಪುಟ್ಟ ಸೈನಿಕರನ್ನ ಜೋಡಿಸಿ ಆಡೋದು. ಪ್ರಷ್ಯಾದ ಸೈನ್ಯ 1824ರಲ್ಲೇ ತನ್ನ ಅಧಿಕಾರಿಗಳಿಗೆ ಇಂಥ ಆಟ ಆಡಿಸಿ ಯುದ್ಧ ಕಲಿಸ್ತಿತ್ತು. ಎಚ್.ಜಿ. ವೆಲ್ಸ್ 1913ರಲ್ಲಿ ಮನೇಲಿ ಆಡೋಕಂತಲೇ ನಿಯಮ ಬರೆದು ಪುಸ್ತಕ ಮಾಡಿದ. ಈಗ ಆಡೋರೆಲ್ಲ ಹೆಚ್ಚಾಗಿ ವಾಟರ್‌ಲೂ ಆಡ್ತಾರೆ. ನಾನೂ ಬೆಂಗಳೂರಿನ ರೂಮಲ್ಲಿ ಅದನ್ನೇ ಆಡ್ತಿದ್ದೆ.

ಈ ಸಲ ಯುಗಾದಿಗೆ ಊರಿಗೆ ಹೋದಾಗ ಅನ್ನಿಸ್ತು, ಅಷ್ಟು ದೂರ ಯಾಕೆ ಹೋಗ್ಬೇಕು? 1815ರಲ್ಲಿ ವಾಟರ್‌ಲೂ ಗೆದ್ದ ವೆಲಿಂಗ್ಟನ್, 1799ರಲ್ಲಿ ಬರೀ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಗಿದ್ದಾಗ ನಮ್ಮ ಪಕ್ಕದ ಶ್ರೀರಂಗಪಟ್ಟಣದ ಹತ್ರ ಒಂದು ತೋಪಲ್ಲಿ ಒದೆ ತಿಂದಿದ್ದ! ಅದೇ ವರ್ಷ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುಗೆ ಕಾಗದ ಬರೆದಿದ್ದ. ಅದು ಟಿಪ್ಪು ಕೈ ಸೇರಲಿಲ್ಲ, ಇಂಗ್ಲಿಷರಿಗೆ ಸಿಕ್ಕಿಬಿತ್ತು.

(2/4)
ಯುದ್ಧದ ಹೆಸರು ಸುಲ್ತಾನ್‌ಪೇಟೆ ತೋಪು. 1799ರ ಏಪ್ರಿಲ್ 5ರ ರಾತ್ರಿ. ಇಂಗ್ಲಿಷರ ಎರಡು ತುಕಡಿ ಹೊರಡ್ತವೆ. ಕರ್ನಲ್ ಶಾ ಅನ್ನೋನದು ಒಂದು, ಪಾಳುಬಿದ್ದ ಹಳ್ಳಿ ಕಡೆಗೆ. ವೆಲ್ಲೆಸ್ಲಿದು ಇನ್ನೊಂದು, ತೋಪಿನ ಕಡೆಗೆ. ತೋಪಿನೊಳಗೆ ಮೈಸೂರಿನೋರು ಬಂದೂಕು, ರಾಕೆಟ್ಟು ಇಟ್ಕೊಂಡು ಕಾಯ್ತಾ ಕೂತಿದ್ರು. ಕಬ್ಬಿಣದ ಕೊಳವೆಯ ಆ ರಾಕೆಟ್ಟು ನೋಡೇ ಮುಂದೆ ಕಾಂಗ್ರೀವ್ ಇಂಗ್ಲೆಂಡಲ್ಲಿ ತನ್ನ ರಾಕೆಟ್ ಮಾಡಿದ್ದು. ಅವು 1813ರಲ್ಲಿ ಲೈಪ್‌ಜಿಗ್‌ನಲ್ಲಿ ನೆಪೋಲಿಯನ್ ಸೈನ್ಯದ ಮೇಲೂ ಹಾರಿದವು. ನಮ್ಮ ಆಟದಲ್ಲಿ ರಾಕೆಟ್ ಅಂದ್ರೆ ಊದುಬತ್ತಿ ಚೂರು.

ಹೊಸತೊಡಕಿನ ದಿನ ನಮ್ ಕಡೆ ಬಾಡೂಟ, ಆಮೇಲೆ ಇಸ್ಪೀಟು. ನಾನು ಇಸ್ಪೀಟಿಗೆ ಮುಂಚೆ ಇದನ್ನ ಹಾಸಿಬಿಟ್ಟೆ. ಅಕ್ಕನ ಮಗ, ಚಿಕ್ಕಪ್ಪನ ಮಗಳು, ಗೊಬ್ಬರದ ಅಂಗಡಿ ಗೆಳೆಯ, ಮೂರೂ ಜನ ಓಡ್ಬಂದು ಟಿಪ್ಪು ಕಡೆ ಕೂತ್ರು. ಇಂಗ್ಲಿಷರಾಗೋಕೆ ಯಾರೂ ಇಲ್ಲ. ಉಳಿದೋರು ಅಪ್ಪ, ಚಿಕ್ಕಪ್ಪ.

ಇಲ್ಲೊಂದು ವಿಷಯ ಹೇಳ್ಬೇಕು. ನಾಲ್ಕು ವರ್ಷದ ಹಿಂದೆ ಭಾಗ ಆದಾಗಿಂದ ಅವರಿಬ್ಬರೂ ನೇರ ಮಾತಾಡಲ್ಲ. ತೋಟದ ಬದುವಿನಲ್ಲಿ ಹನ್ನೊಂದು ತೆಂಗಿನಮರ ಯಾರ ಪಾಲಿಗೆ ಅನ್ನೋದೇ ಜಗಳ. ಹಬ್ಬಕ್ಕೆ ಚಿಕ್ಕಪ್ಪ ಬರ್ತಾರೆ, ಎಡೆಗೆ ಕೈ ಮುಗೀತಾರೆ, ಊಟ ಮಾಡ್ತಾರೆ. ಏನಾದ್ರೂ ಹೇಳೋದಿದ್ರೆ "ನಿಮ್ಮಪ್ಪಂಗೆ ಹೇಳ್ಲಾ" ಅಂತ ನನ್ನ ಕಡೆ ನೋಡ್ತಾರೆ.

"ನಾವ್ಯಾಕ್ಲಾ ಇಂಗ್ಲಿಷ್‌ನೋರಾಗದು?" ಅಂದ್ರು ಅಪ್ಪ.
"ಅಪ್ಪ, ಅವರ ಕಡೆ ಸಿಪಾಯಿಗಳಲ್ಲಿ ಹೆಚ್ಚಿನೋರು ಈ ದೇಶದೋರೇ."
"ಅದಿನ್ನೂ ನಾಚಿಕೆ ಕಣ್ಲಾ" ಅಂದ್ಕೊಂಡೇ ಕೂತ್ರು. ಚಿಕ್ಕಪ್ಪನ್ನ ಅವರ ಮಗಳೇ ಕೈ ಹಿಡಿದು ಎಳೆದು ಕೂರಿಸಿದಳು.

(3/4)
ರಾತ್ರಿ ಯುದ್ಧ ಆಡೋ ಕ್ರಮ ಬೇರೆ. ನಾನು ಪಂಚ. ಯಾರೂ ಯಾರ ಹತ್ರನೂ ಮಾತಾಡಂಗಿಲ್ಲ. ಸೈನ್ಯ ಎಲ್ಲಿಗೆ ಹೋಗ್ಬೇಕು ಅಂತ ಚೀಟೀಲಿ ಬರೆದು ನನಗೆ ಕೊಡ್ಬೇಕು. ಜೊತೆಗಾರನಿಗೆ ಸುದ್ದಿ ಕಳಿಸೋದಿದ್ರೂ ಚೀಟಿನೇ, ಅದೂ ಒಂದು ಸರದಿ ತಡವಾಗಿ ತಲುಪುತ್ತೆ. ಕತ್ತಲಲ್ಲಿ ನಡೆದ ಪ್ರತಿ ತುಕಡಿಗೂ ನಾಲ್ಕು ಕವಡೆ ಹಾಕ್ಬೇಕು. ಚೌಕಾಬಾರದ ಲೆಕ್ಕನೇ. ಚೌಕವೋ ಬಾರವೋ ಬಿದ್ರೆ ದಾರಿ ಸರಿ. ಒಂದು ಬಿದ್ರೆ ದಾರಿ ತಪ್ತು. ತುಕಡಿನ ಎಲ್ಲಿಗೆ ಸರಿಸ್ಬೇಕು ಅನ್ನೋದು ನನಗೆ ಮಾತ್ರ ಗೊತ್ತು.

ಅಪ್ಪ ವೆಲ್ಲೆಸ್ಲಿ, ಚಿಕ್ಕಪ್ಪ ಶಾ. ಮಾತಾಡದೇ ಇರೋದು ಅವರಿಗೆ ಕಷ್ಟ ಆಗ್ಲಿಲ್ಲ, ಅಭ್ಯಾಸ ಇತ್ತು.

ಚಿಕ್ಕಪ್ಪ ಎರಡೇ ಸರದೀಲಿ ಹಳ್ಳಿ ಹಿಡಿದ್ರು. ಅಪ್ಪ ತೋಪಿಗೆ ನುಗ್ಗಿದ್ರು. ಕವಡೆ ಹಾಕಿದ್ರೆ ಒಂದು. ಮತ್ತೆ ಹಾಕಿದ್ರು, ಮತ್ತೆ ಒಂದು. ಊದುಬತ್ತಿ ರಾಕೆಟ್ಟು ಬೀಳ್ತಿವೆ, ಹುಡುಗ್ರು ಬಾಯಿ ಮುಚ್ಕೊಂಡು ನಗ್ತಿದಾರೆ. ಅಷ್ಟರಲ್ಲಿ ನಿಜವಾಗ್ಲೂ ಕರೆಂಟ್ ಹೋಯ್ತು! ಅವ್ವ ದೇವರ ಮನೆಯಿಂದ ದೀಪ ತಂದಿಟ್ಟರು. ಸ್ವೈಪ್ ಮಾಡಿ, ಐದನೇ ಫೋಟೋ ಆಗಿಂದು.

ಆ ದೀಪದ ಬೆಳಕಲ್ಲಿ ಚಿಕ್ಕಪ್ಪ ಒಂದು ಚೀಟಿ ಕೊಟ್ರು. "ಅಣ್ಣ, ನಾನು ಹಳ್ಳೀಲಿ ಇದೀನಿ. ನೀನು ಎಲ್ಲಿದೀಯ?"

ನಿಯಮದ ಪ್ರಕಾರ ಒಂದು ಸರದಿ ಇಟ್ಕೊಂಡಿದ್ದು ಅಪ್ಪನಿಗೆ ಕೊಟ್ಟೆ. ಅಪ್ಪ ಕನ್ನಡಕ ಹುಡುಕಿ ಹಾಕ್ಕೊಂಡು ಓದಿದ್ರು. ಚೀಟಿ ತಿರುಗಿಸಿದ್ರು, ಮತ್ತೆ ಓದಿದ್ರು. ಹುಡುಗ್ರು "ತಾತ, ಬೇಗ" ಅಂತಿದ್ರೂ ನಾನು ಅವಸರ ಮಾಡ್ಲಿಲ್ಲ. ಆಮೇಲೆ ಬರೆದ್ರು. "ಗೊತ್ತಾಗ್ತಿಲ್ಲ ಕಣೋ. ಕಾಲುವೆ ದಾಟಿದ್ನೋ ಇಲ್ವೋ ಅದೂ ಗೊತ್ತಿಲ್ಲ."

(4/4)
ಸೋತರು. ನಿಜವಾದ ವೆಲ್ಲೆಸ್ಲಿನೂ ಹಂಗೇ ಸೋತಿದ್ದ. ಅವನ ಮಂಡಿಗೆ ಗುಂಡು ತಾಗಿತ್ತು, ಹನ್ನೆರಡು ಜನ ಸೆರೆ ಸಿಕ್ಕಿದ್ರು. ಕತ್ತಲಲ್ಲಿ ಅವನ ಸೈನ್ಯ ಚೆದುರಿಹೋಗಿತ್ತು. ಹುಡುಗ್ರು ಪಡಸಾಲೆ ಎದ್ದುಹೋಗೋ ಹಂಗೆ ಕೂಗಿದ್ರು.

"ಆಮೇಲೇನಾಯ್ತು?" ಕೇಳಿದ್ರು ಚಿಕ್ಕಪ್ಪ.

"ಮಾರನೇ ದಿನ ಬೆಳಕಲ್ಲಿ ಹೋದ. ತೋಪು ಸಲೀಸಾಗಿ ಸಿಕ್ತು. ಹಗಲು ಹೊತ್ತು ನೋಡದ ಜಾಗಕ್ಕೆ ರಾತ್ರಿ ನುಗ್ಗಲ್ಲ ಅಂತ ಆಮೇಲೆ ಗಟ್ಟಿ ಮಾಡ್ಕೊಂಡನಂತೆ. ಮೇ 4ಕ್ಕೆ ಶ್ರೀರಂಗಪಟ್ಟಣವೇ ಬಿತ್ತು."

ಹುಡುಗ್ರ ಗಲಾಟೆ ನಿಂತಿತು. ಟಿಪ್ಪು ಸತ್ತ ದಿನ ಅಂತ ಅವರಿಗೂ ಗೊತ್ತು.

ಚಿಕ್ಕಪ್ಪ ಕಾಗದದ ಸೈನಿಕರನ್ನ ಎತ್ತಿ ಡಬ್ಬಿಗೆ ಹಾಕ್ತಾ, ಯಾರ ಮುಖನೂ ನೋಡ್ದೆ ಅಂದ್ರು: "ನಾವೂ ಅವತ್ತು ಹಗ್ಗ ಹಿಡಿದಾಗ ಹೊತ್ತು ಮುಳುಗಿತ್ತು."

ನಮ್ಮ ತೋಟ ಅಳೆದಿದ್ದೂ ಹಂಗೇ. ಪಂಚಾಯ್ತಿಯೋರು ಬಂದಿದ್ದೇ ಸಂಜೆ. ಬ್ಯಾಟರಿ ಬೆಳಕಲ್ಲಿ ಹಗ್ಗ ಹಿಡಿದು ಕಲ್ಲು ನೆಟ್ಟಿದ್ರು. ಅಪ್ಪ ಏನೂ ಅನ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇಸ್ಪೀಟ್ ತತ್ತೀರೋ ಇಲ್ವೋ" ಅಂದ್ರು. ಅವತ್ತು ರಾತ್ರಿ ಇಬ್ರೂ ಒಂದೇ ಸುತ್ತಲ್ಲಿ ಕೂತು ಎಲೆ ಆಡಿದ್ರು.

ಅಪ್ಪಿಕೊಂಡ್ರು, ಅತ್ತರು ಅಂತೆಲ್ಲ ಬರೆದ್ರೆ ಸುಳ್ಳಾಗುತ್ತೆ. ಆಗಿದ್ದು ಇಷ್ಟು: ಹೋದ ವಾರ ಅಪ್ಪ ಫೋನ್ ಮಾಡಿದ್ರು. ಇಬ್ರೂ ಸೇರಿ ಹದ್ದುಬಸ್ತಿಗೆ ಅರ್ಜಿ ಹಾಕಿದಾರಂತೆ. ಅಳತೆ ಇನ್ನೂ ಆಗಿಲ್ಲ. ಆ ಹನ್ನೊಂದು ಮರ ಯಾರ ಕಡೆ ಹೋಗ್ತವೋ ಏನೋ. "ಹಗಲೊತ್ತೇ ಬರಾಕೆ ಹೇಳಿದೀವಿ" ಅಂದ್ರು. 'ದೀವಿ' ಅಂತ ಅಪ್ಪ ಅಂದಿದ್ದು ನಾಲ್ಕು ವರ್ಷದಲ್ಲಿ ಇದೇ ಮೊದಲು.

ಕೊನೇ ಫೋಟೋದಲ್ಲಿರೋದು ಆ ಎರಡು ಚೀಟಿ. ಸೈನಿಕರ ಡಬ್ಬಿಯಲ್ಲೇ ಇಟ್ಟಿದೀನಿ.

ಮುಂದಿನ ಸಲ ಮಳವಳ್ಳಿ ಯುದ್ಧ, 1799ರ ಮಾರ್ಚ್ 27. ಅದು ಹಗಲು ಯುದ್ಧ. ಅಪ್ಪ ಈಗ್ಲೇ ಹೇಳಿಬಿಟ್ಟಿದಾರೆ, ಈ ಸಲ ಟಿಪ್ಪು ಕಡೆ ನಾನೇ ಅಂತ.

ನಿಮ್ಮನೇಲಿ ಮಾತು ಬಿಟ್ಟೋರನ್ನ ಒಟ್ಟಿಗೆ ಕೂರಿಸಿದ ಆಟ ಯಾವ್ದು? ಕಾಮೆಂಟಲ್ಲಿ ಹೇಳಿ.

#ದುದ್ದ #ಹಾಸನ #ಹೊಸತೊಡಕು #ಪಡಸಾಲೆಯುದ್ಧ #ಸುಲ್ತಾನ್‌ಪೇಟೆತೋಪು