ಎರೆಯ ತವರಿಗೆ ಬುತ್ತಿ ಕಟ್ಟಿ

ಮಂದಿ ಕೂಡಿಕೊಂಡು, ಬುತ್ತಿ ಕಟ್ಟಿಕೊಂಡು ನೆಲ ನೋಡಲು ಹೋಗುವುದೆಂದರೆ ನನಗೆ ಹಬ್ಬ. ಈ ಹುಚ್ಚು ಹತ್ತಿಸಿದ್ದೇ ಒಂದು ಹಬ್ಬ. ವಿಜಯಪುರದ ಕಡೆ ಎಳ್ಳ ಅಮಾವಾಸ್ಯೆಯ ದಿನ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು ಎಲ್ಲವೂ ಬುಟ್ಟಿ ಸೇರುತ್ತವೆ. ಬಂಡಿ ತುಂಬ ಅವ್ವಂದಿರು, ಕಾಕಾಗಳು, ಮಕ್ಕಳು. ಎದೆಯೆತ್ತರಕ್ಕೆ ನಿಂತ ಹಿಂಗಾರಿ ಜೋಳದ ನಡುವೆ ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ನಮ್ಮ ಊಟ. ಉಂಡ ಕೈಯನ್ನು ನಾನು ಎರೆಗೆ ಒರೆಸಿ ನೋಡುತ್ತಿದ್ದೆ. ಒಣಗಿದಾಗ ಕಾಲು ಹೊಗುವಷ್ಟು ಬಿರುಕು ಬಿಡುವ, ನೆನೆದರೆ ಚಪ್ಪಲಿ ಕಿತ್ತುಕೊಳ್ಳುವ ಆ ಕರಿಮಣ್ಣು ಎಲ್ಲಿಂದ ಬಂತು ಎಂಬ ಪ್ರಶ್ನೆ ಅಲ್ಲೇ ಹುಟ್ಟಿತು.

ದೊಡ್ಡವಳಾಗಿ ಭೂಗೋಳ ಕಲಿಸತೊಡಗಿದ ಮೇಲೆ ಉತ್ತರ ಸಿಕ್ಕಿತು, ಆದರೆ ಹವ್ಯಾಸ ಬಿಡಲಿಲ್ಲ. ಈಗ ನಮ್ಮದು ಎಂಟು ಮಂದಿಯ ಗುಂಪು: ಒಕ್ಕಲುತನದ ಕಾಕಾ, ಅಕ್ಕ, ನಿವೃತ್ತ ಗಣಿತದ ಮಾಸ್ತರು, ಶಿರಸಿಯ ಗೆಳತಿ, ತಮ್ಮ, ಅವನ ಹೆಂಡತಿ, ಅವರ ಮಗಳು ಮತ್ತು ನಾನು. ಬಾದಾಮಿಯ ಕೆಂಪು ಮರಳುಗಲ್ಲಿನ ಮೇಲೆ ಒಟ್ಟಿಗೆ ಕೂತು ಉಂಡಿದ್ದೇವೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳನ್ನು ಎಣಿಸಿದ್ದೇವೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ, ಹಳೆಯ ಕಡಲೊಂದರ ತಳದಲ್ಲಿ ಹೆಪ್ಪುಗಟ್ಟಿದ ದಿಂಬಿನಾಕಾರದ ಲಾವಾ ಮುಟ್ಟಿದ್ದೇವೆ. ಒಬ್ಬಳೇ ಹೋದರೆ ನನಗೆ ಕಾಣುವುದು ನನಗೆ ಗೊತ್ತಿದ್ದದ್ದು ಮಾತ್ರ. ಎಂಟು ಮಂದಿ ಹೋದಾಗ ಕಲ್ಲು ಎಂಟು ಸಲ ಬಾಯಿ ಬಿಡುತ್ತದೆ.

ನಮ್ಮ ಎರೆ ಲಾವಾದಿಂದಲೇ ಬಂದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಹರಿದ ಲಾವಾ ಪದರ ಪದರವಾಗಿ ತಣಿದು ದಖ್ಖನ್ನಿನ ಕರಿಕಲ್ಲಾಯಿತು. ಗೋಳಗುಮ್ಮಟ ಎದ್ದು ನಿಂತಿರುವುದು ಆ ಕಲ್ಲಿನಲ್ಲೇ. ಅದೇ ಕಲ್ಲು ಬಿಸಿಲಿಗೆ, ಮಳೆಗೆ ಸವೆದು, ಕರಗಿ, ನೀರು ಕುಡಿದರೆ ಉಬ್ಬುವ ಜೇಡಿಯಾಗಿ ಎರೆ ಎನಿಸಿಕೊಂಡಿತು. ಮಳೆ ನಿಂತ ಮೇಲೂ ಹಸಿ ಹಿಡಿದಿಟ್ಟು ಬಿಳಿಜೋಳ ಬೆಳೆಸುವುದು ಆ ಜೇಡಿಯ ಗುಣ. ಇನ್ನು ಆ ಲಾವಾ ಕುದಿಸಿದ ಒಲೆ? ಅದು ಇಂದಿಗೂ ಆರಿಲ್ಲ. ಭೂಗರ್ಭದ ಆ ಬಿಸಿ ತಾಣದ ಮೇಲೆ ಆಗ ಭಾರತ ಇತ್ತು. ಆಮೇಲೆ ಉತ್ತರಕ್ಕೆ ಸರಿಯಿತು. ಭೂವಿಜ್ಞಾನಿಗಳಲ್ಲಿ ಬಹುಮಂದಿ ಒಪ್ಪುವ ಈ ಮಾತನ್ನು ನಾನು ಶಾಲೆಯಲ್ಲಿ ಅವ್ವನ ಅಡುಗೆಮನೆಯಿಂದ ಹೇಳಿಕೊಡುತ್ತಿದ್ದೆ: ಕೆಂಡ ಅಲ್ಲೇ ಇರುತ್ತದೆ, ಮೇಲೆ ರೊಟ್ಟಿ ಸರಿಯುತ್ತದೆ, ಸರಿದ ಹಾದಿಯಲ್ಲೆಲ್ಲ ಸುಟ್ಟ ಬೊಟ್ಟು ಬೀಳುತ್ತದೆ. ಮೊದಲ ದೊಡ್ಡ ಬೊಟ್ಟು ನಮ್ಮ ದಖ್ಖನ್. ಅಲ್ಲಿಂದ ದಕ್ಷಿಣಕ್ಕೆ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್, ಮಾರಿಷಸ್. ಕಡೆಯ ಬೊಟ್ಟು ಮಡಗಾಸ್ಕರದ ಮೂಡಣಕ್ಕೆ ಹಿಂದೂ ಮಹಾಸಾಗರದಲ್ಲಿರುವ ರಿಯೂನಿಯನ್ ದ್ವೀಪ. ಅಲ್ಲಿ ಉರಿಯುವ ಪರ್ವತದ ಹೆಸರು ಪಿತೋಂ ದ ಲಾ ಫುರ್ನೇಜ್, ಎಂದರೆ ಕುಲುಮೆಯ ಶಿಖರ.

"ಹಂಗಾರ ಅದು ನಮ್ಮ ಎರಿ ತವರುಮನಿ ಆತು. ಒಮ್ಮಿ ಹೋಗಿ ಬರೂಣು" ಎಂದರು ಕಾಕಾ. ಎಂಟು ಮಂದಿಯೂ ಎರಡು ವರ್ಷ ದುಡ್ಡು ಕೂಡಿಟ್ಟೆವು. ಅಕ್ಟೋಬರಿನಲ್ಲಿ ಹೊರಟೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಚೀಲ ಸೇರಿದವು.

ವಿಜಯಪುರದಿಂದ ಸುಮಾರು 4,700 ಕಿಲೋಮೀಟರ್ ದೂರದ ಈ ದ್ವೀಪ 1946ರಿಂದ ಫ್ರಾನ್ಸಿನ ಒಂದು ಜಿಲ್ಲೆ. ವಿಸ್ತಾರ 2,500 ಚದರ ಕಿಲೋಮೀಟರಿಗೆ ತುಸು ಹೆಚ್ಚು. ನಮ್ಮ ವಿಜಯಪುರ ಜಿಲ್ಲೆಗಿಂತಲೂ ಬಹಳ ಸಣ್ಣದು. ಆದರೆ ಆ ಸಣ್ಣ ಜಾಗದಿಂದ ಪಿತೋಂ ದೆ ನೇಜ್ ಎಂಬ ಹಿರಿಯ ಪರ್ವತ 3,070 ಮೀಟರ್ ಎತ್ತರಕ್ಕೆ ಎದ್ದಿದೆ. ಅದು ಈಗ ಮಲಗಿದೆ. ಅದರ ಮೈ ಕುಸಿದು, ಕೊರೆದು ಆದ ಮೂರು ಮಹಾ ಕಣಿವೆಗಳ ಪೈಕಿ ಮಫಾತ್ ಎಂಬಲ್ಲಿಗೆ ಇಂದಿಗೂ ವಾಹನದ ದಾರಿಯಿಲ್ಲ; ಜನ ನಡೆದೇ ಹೋಗುತ್ತಾರೆ, ಸಾಮಾನು ಹೆಲಿಕಾಪ್ಟರಿನಲ್ಲಿ ಇಳಿಯುತ್ತದೆ. ಪೂರ್ವದ ಕಡೆ ಇರುವ ಕಿರಿಯ ಪರ್ವತವೇ ನಮ್ಮ ಕುಲುಮೆ.

ಕುಲುಮೆಗೆ ಹತ್ತಿರದ ಬೂರ್-ಮ್ಯುರಾ ಎಂಬ ಹಳ್ಳಿಯಲ್ಲಿ ಇಳಿದುಕೊಂಡೆವು. ಪರ್ವತದ ನಾಡಿ ಹಿಡಿದು ಕೂತಿರುವ ವೀಕ್ಷಣಾಲಯ ಇರುವುದು ಈ ಹಳ್ಳಿಯಲ್ಲೇ. ರಾತ್ರಿ ಮನೆಯೊಡತಿ ಅನ್ನ, ಸಿಲಾವೋಸ್ ಕಣಿವೆಯ ಬೇಳೆ, ಸೀಮೆಬದನೆಯ ಪಲ್ಯ ಬಡಿಸಿದಳು. ಜೊತೆಗೆ ಟೊಮೆಟೊ, ಉಳ್ಳಾಗಡ್ಡಿ, ಮೆಣಸಿನಕಾಯಿ ಕಲಸಿದ ರುಗಾಯ್. ಅಕ್ಕ ತಟ್ಟೆಯಿಂದ ಒಂದು ಎಲೆ ಎತ್ತಿ ಮೂಸಿ "ಕರಿಬೇವು!" ಎಂದಳು. ಮನೆಯೊಡತಿ ಅದೇ ಎಲೆ ತೋರಿಸಿ "ಕಲುಪಿಲೆ" ಎಂದಳು. ತಮಿಳಿನ ಕರುವೇಪ್ಪಿಲೈ ಕಡಲು ದಾಟಿ ಕ್ರಿಯೋಲ್ ನಾಲಗೆಯಲ್ಲಿ ಹಾಗೆ ಮೆತ್ತಗಾಗಿದೆ. 1848ರಲ್ಲಿ ಇಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ದಕ್ಷಿಣ ಭಾರತದಿಂದ, ಹೆಚ್ಚಾಗಿ ತಮಿಳು ನಾಡಿನಿಂದ, ಸಾವಿರಾರು ಜನ ಬಂದರು. ಊರು ಬಿಟ್ಟವರು ಕರಿಬೇವು ಬಿಡಲಿಲ್ಲ.

ಮರುದಿನ ನಸುಕಿನಲ್ಲೇ ಹೊರಟೆವು. ಬಿಸಿಲೇರಿದಂತೆ ಮೋಡ ಬಂದು ಪರ್ವತವನ್ನು ಮುಚ್ಚಿಬಿಡುತ್ತದೆ, ಬೇಗ ಹೋಗಿ ಎಂದು ಎಲ್ಲರೂ ಹೇಳಿದ್ದರು. ಹಸಿರು ಹುಲ್ಲುಗಾವಲು ಹಿಂದೆ ಬಿತ್ತು. ಒಂದು ತಿರುವು ದಾಟಿದರೆ ಹುಲ್ಲೇ ಇಲ್ಲದ ಕಂದು ಬಯಲು. ಮರಳ ಬಯಲು ಎಂದೇ ಅದರ ಹೆಸರು. ಕಡೆಗೆ ಪಾ ದ ಬೆಲ್‌ಕೋಂಬ್ ಎಂಬ ಅಂಚಿನಲ್ಲಿ ನಿಂತೆವು. ಕೆಳಗೆ, ಗೋಡೆಯಂಥ ಕಡಿದಾದ ಬಂಡೆಗಳ ನಡುವೆ, ಅಗಲವಾಗಿ ಕುಸಿದ ಒಂದು ಅಂಗಳ. ಅಂಗಳದ ತುಂಬ ಕರಿ ಲಾವಾ. ನಡುವೆ 2,632 ಮೀಟರ್ ಎತ್ತರದ ಶಿಖರ. ನಾವು ಹೋದಾಗ ಪರ್ವತ ಸುಮ್ಮನಿತ್ತು. ಅದು ಉಕ್ಕುವ ದಿನಗಳಲ್ಲಿ ಅಂಗಳಕ್ಕೆ ಇಳಿಯುವ ಬಾಗಿಲು ಹಾಕುತ್ತಾರೆ. ಎಂಟೂ ಮಂದಿ ಬಹಳ ಹೊತ್ತು ಮಾತಾಡಲಿಲ್ಲ.

ಮೆಟ್ಟಿಲಿಳಿದು ಅಂಗಳಕ್ಕೆ ಬಂದರೆ ಮೊದಲು ಸಿಗುವುದು ಫೋರ್ಮಿಕಾ ಲಿಯೋ ಎಂಬ ಪುಟ್ಟ ಗುಡ್ಡ. 1753ರಲ್ಲಿ ಹುಟ್ಟಿದ ಈ ಬೂದಿಯ ಗುಡ್ಡ ಕರಿನೆಲದ ಮೇಲೆ ಕುಂಕುಮದ ಗುಪ್ಪೆಯಂತೆ ಕೂತಿದೆ. ಅಲ್ಲಿಂದ ಮುಂದೆ ದಾರಿಯಿಲ್ಲ. ಲಾವಾದ ಮೇಲೆ ಬಳಿದ ಬಿಳಿ ಬಣ್ಣದ ಗುರುತುಗಳೇ ದಾರಿ. ಮೋಡ ಇಳಿದರೂ ಕಾಣಲಿ ಎಂದು ಬಳಿದದ್ದು. ಮಾಸ್ತರು ಗುರುತಿನಿಂದ ಗುರುತಿಗೆ ಹೆಜ್ಜೆ ಎಣಿಸುತ್ತ ಮುಂದೆ ನಡೆದರು. ತೆಕ್-ತೆಕ್ ಎಂದು ಕೂಗುತ್ತ ಒಂದು ಪುಟ್ಟ ಹಕ್ಕಿ ಕಲ್ಲಿನಿಂದ ಕಲ್ಲಿಗೆ ಹಾರಿ ಜೊತೆಗೆ ಬಂತು. ಈ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲದ ಆ ಹಕ್ಕಿಗೆ ಅದರ ಕೂಗೇ ಹೆಸರಾಗಿದೆ.

ಲಾವಾದ ಮೇಲೆ ನಡೆಯುವ ಸುಖವನ್ನು ಅಂಗಾಲು ಮೊದಲು ಅರಿಯುತ್ತದೆ. ಒಂದು ಬಗೆಯ ಲಾವಾ ಮೆಲ್ಲಗೆ ಹರಿದು, ಮೇಲಿನ ಕೆನೆ ಮಡಚಿ, ಸುರುಳಿ ಸುತ್ತಿ ತಣಿದಿದೆ. ಇಲ್ಲಿಯ ಜನ ಅದನ್ನು ಹಗ್ಗದ ಲಾವಾ ಎನ್ನುತ್ತಾರೆ. "ಮಟ್ಟಿ ಬಾವಿ ಮ್ಯಾಲೆ ಮಿಣಿ ಸುತ್ತಿ ಇಟ್ಟಂಗ ಐತಿ ನೋಡು" ಎಂದರು ಕಾಕಾ. ಅದರ ಮೇಲೆ ಕಾಲು ಸಲೀಸಾಗಿ ಸಾಗುತ್ತದೆ, ಹೆಜ್ಜೆಗೊಮ್ಮೆ ಟೊಳ್ಳು ಸದ್ದು ಬರುತ್ತದೆ. ಇನ್ನೊಂದು ಬಗೆ ಹರಿಯುತ್ತಲೇ ಒಡೆದು ಚೂರಾದದ್ದು. ಅದನ್ನು ಇಲ್ಲಿ ಗ್ರಾತೋಂ ಎನ್ನುತ್ತಾರೆ. ಇಟ್ಟಂಗಿ ಭಟ್ಟಿಯಲ್ಲಿ ಸುಟ್ಟು ಕರಕಾದ ಚೂರುಗಳಂತೆ ಮೊನಚು. ಅದರ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ದಾಟಬೇಕು. ಹಾಗೆ ದಾಟುವಾಗ ತಮ್ಮನ ಹೆಂಡತಿ ಒಂದು ಚೂರನ್ನು ಬಿಸಿಲಿಗೆ ಹಿಡಿದಳು. ಕರಿ ಕಲ್ಲಿನೊಳಗೆ ಹೆಸರುಕಾಳಿನ ಬಣ್ಣದ ಹರಳುಗಳು ಮಿನುಗಿದವು. ಅದು ಆಲಿವಿನ್, ಆಳದಿಂದ ಲಾವಾ ಹೊತ್ತು ತಂದ ಖನಿಜ. ಆ ಹಸಿರನ್ನು ಪುಸ್ತಕದಲ್ಲಿ ನೂರು ಸಲ ಓದಿದ್ದೆ, ಆದರೆ ಕಾಲಡಿಯಲ್ಲಿದ್ದದ್ದನ್ನು ಕಂಡವಳು ಅವಳು.

ಮೂರು ತಾಸು ಏರಿ ಡೊಲೊಮಿಯೂ ಕುಳಿಯ ಅಂಚು ತಲುಪಿದೆವು. 2007ರ ಏಪ್ರಿಲಿನಲ್ಲಿ ಪರ್ವತದ ಹೊಟ್ಟೆಯಿಂದ ಲಾವಾ ಕೆಳಗಿನ ಇಳಿಜಾರಿನಲ್ಲಿ ಹೊರಬಿದ್ದು ಕಡಲಿಗೆ ಹರಿಯಿತು. ಒಳಗೆ ಪೊಳ್ಳಾದಾಗ ಮೇಲಿನ ಕುಳಿಯ ತಳ 300 ಮೀಟರಿಗೂ ಹೆಚ್ಚು ಆಳಕ್ಕೆ ಕುಸಿಯಿತು. ಆ ಆಳವನ್ನು ಈಗ ನೋಡುತ್ತಿದ್ದೆವು. ಗೋಡೆಯಲ್ಲಿ ಲಾವಾದ ಪದರಗಳು ಒಂದರ ಮೇಲೊಂದು, ಬುಟ್ಟಿಯಲ್ಲಿ ಒಟ್ಟಿದ ರೊಟ್ಟಿಗಳ ಹಾಗೆ. ಅಲ್ಲಲ್ಲಿ ಬಿಳಿಯ ಹಬೆ. ಅಂಚಿನಿಂದ ಹಿಂದೆ ಸರಿದು ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ ಮುರಿದ ಸದ್ದು ಆ ಮೌನದಲ್ಲಿ ದೊಡ್ಡದಾಗಿ ಕೇಳಿತು. ನಮ್ಮ ಎರೆಯಲ್ಲಿ ಬೆಳೆದ ಜೋಳ, ಎರೆಯನ್ನು ಬೇಯಿಸಿದ ಒಲೆಯ ಪಕ್ಕದಲ್ಲಿ! ಕಾಕಾ ಮೊದಲ ತುತ್ತು ಕೈಯಲ್ಲಿ ಹಿಡಿದು ಕೂತರು. "ಚರಗ ಚೆಲ್ಲಬೇಕು ಅನಸ್ತದ" ಎಂದರು. ಆಮೇಲೆ ಸುತ್ತ ನೋಡಿ, "ಬ್ಯಾಡ. ಇದು ಇನ್ನಾ ಹಸುಗೂಸು ಐತಿ. ರೊಟ್ಟಿ ತಿನ್ನೂ ವಯಸ್ಸಲ್ಲ" ಎಂದು ತುತ್ತು ಬಾಯಿಗಿಟ್ಟುಕೊಂಡರು. ನಾವು ಒಂದು ಚೂರನ್ನೂ ಅಲ್ಲಿ ಬಿಡದೆ ಬಟ್ಟೆ ಕಟ್ಟಿಕೊಂಡು ಇಳಿದೆವು.

ಶಿರಸಿಯ ಗೆಳತಿಯ ದಿನ ಬಂದದ್ದು ದ್ವೀಪದ ಹಸಿ ಪೂರ್ವ ಕರಾವಳಿಯಲ್ಲಿ. 1966ರ ಜನವರಿಯಲ್ಲಿ ಈ ಪರ್ವತದ ಎತ್ತರದಲ್ಲಿ ಒಂದೇ ದಿನ, 24 ತಾಸಿನಲ್ಲಿ, 1,825 ಮಿಲಿಮೀಟರ್ ಮಳೆ ಸುರಿದದ್ದು ಜಗತ್ತಿನ ದಾಖಲೆ. ನಮ್ಮ ಜಿಲ್ಲೆ ಅಷ್ಟು ಮಳೆಗೆ ಮೂರು ವರ್ಷ ಕಾಯಬೇಕು. ಆ ಮಳೆ ಉಂಡ ಕರಾವಳಿಯಲ್ಲಿ ವೆನಿಲ್ಲಾ ಬಳ್ಳಿಗಳಿವೆ. ಮೆಕ್ಸಿಕೋದಿಂದ ತಂದ ಬಳ್ಳಿ ಇಲ್ಲಿ ಹೂ ಬಿಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ಎದ್ಮೋಂ ಎಂಬ 12 ವರ್ಷದ ಗುಲಾಮ ಹುಡುಗ ತೆಳ್ಳನೆಯ ಕಡ್ಡಿಯಿಂದ ಹೂವಿನೊಳಗಿನ ಪೊರೆ ಎತ್ತಿ, ಹೆಬ್ಬೆರಳಿನಿಂದ ಒತ್ತಿ ಪರಾಗ ಕೂಡಿಸುವ ಬಗೆ ಕಂಡುಹಿಡಿದ. ಬಿಡುಗಡೆಯಾದ ಮೇಲಷ್ಟೇ ಅವನಿಗೆ ಅಲ್ಬಿಯೂಸ್ ಎಂಬ ಮನೆಹೆಸರು ಸಿಕ್ಕಿತು. ಅವನ ಬೆರಳಿನ ವಿದ್ಯೆಯಿಂದ ಜಗತ್ತು ಸಿರಿವಂತವಾಯಿತು, ಅವನು ಬಡವನಾಗಿಯೇ 1880ರಲ್ಲಿ ತೀರಿಕೊಂಡ. ತೋಟದ ಹೆಂಗಸು ಒಂದು ಹೂವನ್ನು ಒತ್ತಿ ತೋರಿಸಿದಳು. ಗೆಳತಿ ಸುಮ್ಮನೆ ಕೈಚಾಚಿ ಮುಂದಿನ ಹೂವನ್ನು ಹಿಡಿದು, ಕಡ್ಡಿಯಾಡಿಸಿ, ಹೆಬ್ಬೆರಳಿಟ್ಟಳು. ಶಿರಸಿಯ ತೋಟದಲ್ಲಿ ವೆನಿಲ್ಲಾಕ್ಕೆ ಬೆಲೆ ಬಂದಿದ್ದ ವರ್ಷಗಳಲ್ಲಿ ದಿನಾ ಬೆಳಿಗ್ಗೆ ನೂರಾರು ಹೂ ಕೂಡಿಸಿದ ಕೈ ಅದು. "ಇದನ್ನು ಕಲಿಸಿದವನ ಹೆಸರು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು.

ಕಡೆಯ ದಿನ ಲಾವಾದ ದಾರಿ. ಪರ್ವತದ ಇಳಿಜಾರು ಕಡಲು ಸೇರುವಲ್ಲಿ ಹೆದ್ದಾರಿ ಒಂದಾದ ಮೇಲೊಂದು ಲಾವಾ ಹರಿವನ್ನು ದಾಟುತ್ತದೆ. ಪ್ರತಿ ಹರಿವಿನ ಪಕ್ಕ ಅದು ಇಳಿದ ವರ್ಷ ಬರೆದ ಫಲಕ. ಪಿತೋಂ ಸೇಂತ್-ರೋಜ್ ಹಳ್ಳಿಯಲ್ಲಿ 1977ರ ಲಾವಾ ಮನೆಗಳನ್ನು ನುಂಗಿ, ಚರ್ಚನ್ನು ಎರಡೂ ಬದಿಯಿಂದ ಬಳಸಿ, ಬಾಗಿಲಲ್ಲಿ ಬಂದು ನಿಂತಿದೆ. ಜನರನ್ನು ಮೊದಲೇ ಸಾಗಿಸಿದ್ದರಿಂದ ಒಂದು ಜೀವವೂ ಹೋಗಲಿಲ್ಲ. ಆ ಹರಿವಿನ ಮೇಲೆ ಈಗ ಪೊದೆಯಿದೆ, ಗಿಡವಿದೆ. ದಕ್ಷಿಣಕ್ಕೆ ಸಾಗಿದರೆ 2007ರ ಹರಿವು, ಮನೆಗಿಂತ ಎತ್ತರ. ತಮ್ಮನ ಮಗಳು ಫಲಕ ಓದಿ ಓಡಿಹೋದಳು. ಅವಳು ಹುಟ್ಟಿದ್ದು 2007ರಲ್ಲೇ. "ಅತ್ತೀ, ಇದು ನನ್ನ ವಾರಿಗಿ ನೆಲ!" ಎಂದು ಕೂಗಿ ಅದರ ಮೇಲೆ ಅಂಗಾತ ಮಲಗಿದಳು. ನಾವೆಲ್ಲ ಸುತ್ತ ಬಗ್ಗಿ ಕೂತೆವು. ಕಲ್ಲಿನ ಮೇಲೆ ಬೆಳ್ಳಿಬೂದಿ ಬಣ್ಣದ ಕಲ್ಲುಹೂವು ಹಬ್ಬಿತ್ತು. ಅದರ ಬೇರೇ ಇಲ್ಲದ ಮೈ ಕಲ್ಲನ್ನು ಕೆರೆದು, ಗಾಳಿಯ ದೂಳು ಹಿಡಿದು, ಜರೀಗಿಡಕ್ಕೆ ಒಂದು ಚಿಟಿಕೆ ಹಿಡಿತ ಕೊಡುತ್ತದೆ. ಜರೀಗಿಡ ಸತ್ತು ಪೊದೆಗೆ ಜಾಗ ಕೊಡುತ್ತದೆ. ನಮ್ಮ ಹೊಲವೂ ಒಮ್ಮೆ ಹೀಗೆಯೇ ಶುರುವಾಗಿದ್ದಿರಬೇಕು. ಕಾಕಾ ಕಲ್ಲುಹೂವನ್ನು ಬೆರಳ ತುದಿಯಿಂದ ಸವರಿ, "ಮೊದಲನೇ ಒಕ್ಕಲಿಗ ಇವನ ನೋಡವಾ" ಎಂದರು.

ಕಲ್ಲು ಯಾರೂ ತರಲಿಲ್ಲ. ಅದು ರಾಷ್ಟ್ರೀಯ ಉದ್ಯಾನದ ನೆಲ, ಅದರ ಕೆಲಸ ಅಲ್ಲೇ ಬಾಕಿಯಿದೆ.

ಆ ವರ್ಷದ ಎಳ್ಳ ಅಮಾವಾಸ್ಯೆಗೆ ಎಂಟೂ ಮಂದಿ ನಮ್ಮ ಹೊಲದಲ್ಲಿ ಸೇರಿದೆವು. ಶಿರಸಿಯಿಂದ ಗೆಳತಿಯೂ ಬಂದಿದ್ದಳು. ಜೋಳ ಎದೆಯೆತ್ತರ ನಿಂತಿತ್ತು. ಕಾಕಾ ಚರಗದ ಬುಟ್ಟಿ ಹಿಡಿದು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಿ ಬಂದರು. ಬುಟ್ಟಿ ಕೆಳಗಿಡಲಿಲ್ಲ. ನನ್ನ ಕಡೆ ತಿರುಗಿ, "ಆ ನಡುಗಡ್ಡಿ ಯಾ ಕಡೆ ಬರತೈತಿ?" ಎಂದು ಕೇಳಿದರು. ನಾನು ನೈಋತ್ಯಕ್ಕೆ ಕೈ ತೋರಿಸಿದೆ. ಅವರು ಒಂದು ಹಿಡಿ ತುಂಬಿಕೊಂಡು ಆ ಕಡೆಯ ಬದುವಿನ ತನಕ ನಡೆದುಹೋಗಿ ಚೆಲ್ಲಿದರು. "ಕೂಸು ದೊಡ್ಡದಾಗಲಿ" ಎಂದರು. ಆಮೇಲೆ ಎಲ್ಲರೂ ಎರೆಯ ಮೇಲೆ ಸಾಲಾಗಿ ಕೂತು ಬುತ್ತಿ ಬಿಚ್ಚಿದೆವು.