ಮಾಲ್ಗುಡಿ ಕಟ್ಟಿದ ಕಂಪನಿ

ಬೀದಿಗೆ ಒಂದೋ ಎರಡೋ ಟಿ.ವಿ. ಇದ್ದ ಕಾಲ ಅದು. ಸೀರಿಯಲ್ ಅಂದರೆ ಬೊಂಬಾಯಿ, ದಿಲ್ಲಿಯವರ ಬಾಬತ್ತು ಅಂದುಕೊಂಡಿದ್ದ ನಮಗೆ 'ಮಾಲ್ಗುಡಿ ಡೇಸ್' ಶುರುವಾದಾಗ ಆದ ಸಂಭ್ರಮ ಅಷ್ಟಿಷ್ಟಲ್ಲ. ಎಲ್. ವೈದ್ಯನಾಥನ್ ಅವರ ಆ ಗುನುಗು ಕಿವಿಗೆ ಬಿದ್ದರೆ ಸಾಕು, ಆಟ ಬಿಟ್ಟು ಓಡಿಬಂದು ಪಕ್ಕದವರ ನಡುಮನೆಯಲ್ಲಿ ಜಾಗ ಹಿಡಿಯುತ್ತಿದ್ದೆವು. ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳ ಹಿಂದೆಯೇ ಸ್ವಾಮಿ ಬರುತ್ತಿದ್ದ. ಅವನ ಅಪ್ಪ ಗಿರೀಶ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. "ಇವರೆಲ್ಲ ನಮ್ಮೋರೇ ಕಣೇ!" ಅಂತ ದೊಡ್ಡವರೂ ಹಿಗ್ಗುತ್ತಿದ್ದರು. ಹಿಂದಿ ಅರ್ಧಂಬರ್ಧ ತಿಳಿಯುತ್ತಿತ್ತು. ಉಳಿದದ್ದನ್ನು ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥನ ಕಣ್ಣುಗಳೇ ಹೇಳಿಬಿಡುತ್ತಿದ್ದವು.

ನಿರ್ಮಾಪಕರು ಟಿ.ಎಸ್. ನರಸಿಂಹನ್, ನಿರ್ದೇಶಕ ಶಂಕರ್ ನಾಗ್. ಆಗ ದೂರದರ್ಶನದಲ್ಲಿ ಸೀರಿಯಲ್‌ಗಳಿಗೆ 13 ಕಂತುಗಳ ಲೆಕ್ಕ. ಪ್ರಾಯೋಜಕರನ್ನು ಹಿಡಿದು ತರುವ ಜವಾಬ್ದಾರಿ ನಿರ್ಮಾಪಕರದೇ. ಬೆಂಗಳೂರಿನಿಂದ ಹೊರಟು ಇಡೀ ದೇಶಕ್ಕೆ ಕಥೆ ಹೇಳುತ್ತೇವೆ ಅನ್ನುವುದಕ್ಕೆ ಗಟ್ಟಿ ಎದೆ ಬೇಕಿತ್ತು. ಮೊದಲ ಕಂತುಗಳನ್ನು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಮಾಡಿದರು. ಶಂಕರ್ 'ಸಂಕೇತ್' ತಂಡದಲ್ಲಿ ನಾಟಕ ಆಡಿಸುತ್ತಿದ್ದವರು. ಇಲ್ಲಿ ಕೂಡಿದವರಲ್ಲೂ ರಂಗಭೂಮಿಯವರೇ ಹೆಚ್ಚು. ಹಳೇ ನಾಟಕ ಕಂಪನಿ ಊರಲ್ಲಿ ಕ್ಯಾಂಪ್ ಹಾಕಿದಂತೆ ಇವರು ಆಗುಂಬೆಗೆ ಹೋಗಿ ಬೀಡುಬಿಟ್ಟರು.

ಮಳೆಗೆ ಹೆಸರಾದ ಊರು, ಆಗುಂಬೆ. ಅಲ್ಲಿನ ದೊಡ್ಡಮನೆಯ ತೊಟ್ಟಿ, ಜಗಲಿ, ಮರದ ಕಂಬಗಳ ನಡುವೆ ಸ್ವಾಮಿಯ ಸಂಸಾರ ಹೂಡಿದರು. ಬೀದಿಯಲ್ಲಿ, ಕಥೆಗಳಲ್ಲಿ ಬರುವ ಸರ್ ಫ್ರೆಡರಿಕ್ ಲಾಲಿಯ ಕುದುರೆಯೇರಿದ ಪ್ರತಿಮೆ ನಿಂತಿತು. ಕಲಾ ನಿರ್ದೇಶನ ಜಾನ್ ದೇವರಾಜ್ ಅವರದು. ರೈಲು ನಿಲ್ದಾಣಕ್ಕೆ ಅರಸಾಳು ಒದಗಿಬಂತು. ಆರ್.ಕೆ. ನಾರಾಯಣ್ ಕಲ್ಪಿಸಿದ ಊರಿಗೆ ಮಲೆನಾಡಿನ ಹೆಂಚು ಹೊದಿಸಿದರೆ ಒಗ್ಗುತ್ತದೆಂದು ಶಂಕರ್‌ಗೆ ಹೊಳೆಯಿತಲ್ಲ, ಆ ಕಣ್ಣನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ನಮ್ಮ ಮಟ್ಟಿಗಂತೂ ಮಾಲ್ಗುಡಿ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು!

'ದಿ ವೆಂಡರ್ ಆಫ್ ಸ್ವೀಟ್ಸ್' ಕಾದಂಬರಿಯ ಜಗನ್ ಆಗಿ ಅನಂತ್ ನಾಗ್ ಬಂದರು. ತಿಂಗಳಿಗೆ ನಲವತ್ತೈದು ರೂಪಾಯಿಯ ಗುಮಾಸ್ತನಾಗಿ ವಿಷ್ಣುವರ್ಧನ್! ಪರದೆಯ ಮೇಲೆ ಹೊಡೆದಾಡಿ ಗೆಲ್ಲುತ್ತಿದ್ದ ನಾಯಕ ಇಲ್ಲಿ ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವ ಮಾತು ಕೊಟ್ಟು, ಆಫೀಸಿನಿಂದ ಬಿಡಿಸಿಕೊಳ್ಳಲಾಗದೆ ಒದ್ದಾಡುತ್ತಿದ್ದರು. ಆ ಕಂತು ಮುಗಿದ ಮೇಲೆ ದೊಡ್ಡವರು ಯಾರೂ ಮಾತಾಡಲಿಲ್ಲ. ಕೆಲಸದಿಂದ ತಡವಾಗಿ ಬರುವ ಅಪ್ಪಂದಿರು ಎಲ್ಲರ ಮನೆಯಲ್ಲೂ ಇದ್ದರು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಶಂಕರ್ ಅಪಘಾತಕ್ಕೆ ಬಲಿಯಾದರು. ಮುಂದೆ ಹೊಸ ಕಂತುಗಳನ್ನು ಕವಿತಾ ಲಂಕೇಶ್ ನಿರ್ದೇಶಿಸಿದರು; 2006ರಲ್ಲಿ ಅವು ಪ್ರಸಾರವಾದವು. ಅರಸಾಳಿನ ಹಳೇ ನಿಲ್ದಾಣ ಈಗ ಮಾಲ್ಗುಡಿ ಮ್ಯೂಸಿಯಂ. ನಮ್ಮವರೇ ನಟಿಸಿದ ಆ ಕಥೆಗಳು ಕನ್ನಡಕ್ಕೆ ಡಬ್ ಆಗಿ ಟಿ.ವಿ.ಯಲ್ಲಿ ಬಂದದ್ದು 2020ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಮಕ್ಕಳು ಸ್ವಾಮಿಗಿಂತ ದೊಡ್ಡವರಾಗಿದ್ದರು.